ಹೊಸಬಳ ಮಾತು ಮೊದಲು

ಸೆಲ್ವಿಯಕ್ಕನ ಎದುರು ಕೂತ ಮೇಲೆ ಸುಮ್ಮನಿರುವ ಹಕ್ಕು ಯಾರಿಗೂ ಇರಲಿಲ್ಲ. ಬಂಗಾರಪೇಟೆಯ ನಮ್ಮ ಗಾರ್ಮೆಂಟ್ಸಿನಲ್ಲಿ ಅವಳು ಲೈನ್ ಸೂಪರ್‌ವೈಸರ್, ನಾನು ಗಂಟೆಗೆ ಎಷ್ಟು ಪೀಸಾಯಿತೆಂದು ಬರೆಯುವ ರೈಟರ್. ಅವಳು ನಂದಿದುರ್ಗದ ಚಿನ್ನದ ಗಣಿಯ ಕೂಲಿಗಳ ಲೈನ್ ಮನೆಯಲ್ಲಿ ಹುಟ್ಟಿದವಳು. ತಮಿಳು, ತೆಲುಗು, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಬೆರೆಸಿ ಬೈಯುತ್ತಿದ್ದಳು. ಬೈಸಿಕೊಂಡವರಿಗೆ ಅರ್ಥವಾಗದೆ ಉಳಿದದ್ದು ನಾನು ನೋಡಿಲ್ಲ.

ಕೆಲಸ ಸುಧಾರಿಸಲು ಐಡಿಯಾ ಕೊಡಿ ಎಂದು ಮ್ಯಾನೇಜರು ಒಂದು ಡಬ್ಬ ಇಟ್ಟರು. ತಿಂಗಳು ಕಳೆದು ತೆಗೆದರೆ ಒಳಗೆ ಕಡಲೆಕಾಯಿ ಸಿಪ್ಪೆ, ಒಂದು ಬಸ್ ಟಿಕೆಟ್ಟು. ಅವರ ಮುಖ ಕೆಂಪಾಯಿತು.

"ಬರ್ಯಾಕೆ ಬಾರ್ದೋರ ಮಾತು ಡಬ್ಬಕ್ಕೆ ಕೇಳಿಸ್ತದಾ ಸಾರ್? ನಾನು ಬಾಯಲ್ಲಿ ಕೇಳ್ತೀನಿ ಬಿಡಿ" ಎಂದಳು ಸೆಲ್ವಿಯಕ್ಕ.

ಅಂದಿನಿಂದ ಪ್ರತಿ ಸೋಮವಾರ ಊಟದ ಹೊತ್ತಿಗೆ ಮೆಟ್ಟಿಲ ಕೆಳಗೆ ದುಂಡಗೆ ಕೂರುತ್ತಿದ್ದೆವು. ಕೆಲಸಕ್ಕೆ ಕೊನೆಗೆ ಸೇರಿದವಳೇ ಮೊದಲು ಮಾತಾಡಬೇಕು, ಸೀನಿಯರುಗಳು ಕೊನೆಗೆ. ಅದು ಸೆಲ್ವಿಯಕ್ಕನ ಕಟ್ಟಳೆ.

"ಗಣೀಗಿಳಿಯೋ ಮುಂಚೆ ನಮ್ಮಪ್ಪನ ಗ್ಯಾಂಗಲ್ಲಿ ಇಂಗೇ ಮಾಡ್ತಿದ್ರು. ದೊಡ್ಡೋನು ಮೊದ್ಲು ಬಾಯ್ಬಿಟ್ರೆ ಚಿಕ್ಕೋನು ಊಂ ಅಂದು ಸುಮ್ನಾಗ್ತಾನೆ. ಬಂಡೆ ಬಿರುಕು ಅವ್ನ ಕಣ್ಣಿಗೇ ಬಿದ್ದಿದ್ರೆ ಏನ್ಮಾ ಗತಿ?"

ಮ್ಯಾನೇಜರನ್ನೇ ಒಂದು ದಿನ ಮಿಷನ್ ಮೇಲೆ ಕೂರಿಸಿ ಎಂದಳು ಒಬ್ಬಳು. ನಾವು ಬಿದ್ದು ಬಿದ್ದು ನಕ್ಕೆವು. ಸೆಲ್ವಿಯಕ್ಕ ನಗದೆ ನನ್ನತ್ತ ತಿರುಗಿದಳು. "ಸುಜಾತಾ, ಅದ್ನೂ ಬರ್ಕೋ. ಮೊದ್ಲು ರಾಶಿ ಆಗ್ಲಿ, ಜೊಳ್ಳು ಆಮೇಲೆ ತೂರೋಣ."

ಆ ರಾಶಿಯಲ್ಲೇ ಒಂದು ಗಟ್ಟಿ ಕಾಳು ಸಿಕ್ಕಿತು. ಬೇತಮಂಗಲದಿಂದ ಬರುತ್ತಿದ್ದ ಲಕ್ಷ್ಮಿ ಸೇರಿ ಎಂಟು ದಿನವೂ ಆಗಿರಲಿಲ್ಲ. "ಮಿಷನ್‌ಗಳನ್ನ ಎದುರುಬದುರು ಇಟ್ಟು ಮಧ್ಯೆ ಓರೆಯಾಗಿ ಹಲಗೆ ಹಾಕಿದ್ರೆ ಬಟ್ಟೆ ಬಂಡಲ್ ತಾನೇ ಜಾರ್ಕೊಂಡು ಬರಲ್ವಾ ಅಕ್ಕ?" ಎಂದು ಕೇಳಿದಳು. ಹಾಗೇ ಮಾಡಿದೆವು. ಟಾರ್ಗೆಟ್ಟು ನಾಲ್ಕು ಗಂಟೆಗೇ ಮುಗಿಯಿತು. ಮ್ಯಾನೇಜರು ಎಲ್ಲರಿಗೂ ಲಡ್ಡು ಹಂಚಿದರು.

ಮುಂದಿನ ವಾರ ಬಂಡಲ್ ಹೊರುತ್ತಿದ್ದ ಮೂವರು ಹೆಲ್ಪರುಗಳನ್ನು ಕರೆದು, ಈ ತಿಂಗಳು ಮುಗಿದ ಮೇಲೆ ಕೆಲಸಕ್ಕೆ ಬರಬೇಡಿ ಎಂದರು. ಮೂವರಲ್ಲಿ ಹಿರಿಯಳಾದ ರಾಜಮ್ಮ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. "ಐಡಿಯಾ ನಿಮ್ಮದೇ ಅಲ್ವೇನಮ್ಮ" ಎಂದರಂತೆ ಮ್ಯಾನೇಜರು, ಸೆಲ್ವಿಯಕ್ಕನಿಗೆ.

"ನಾನ್ಯಾಕೆ ಬಾಯ್ಬಿಟ್ಟೆ ಅಕ್ಕಾ?" ಎಂದು ಲಕ್ಷ್ಮಿ ಅತ್ತಳು.

"ಬಿಡಿಸಿದ್ದು ನಾನಮ್ಮಾ" ಎಂದಳು ಸೆಲ್ವಿಯಕ್ಕ.

ಮರು ಸೋಮವಾರ ಒಬ್ಬರೂ ತುಟಿ ಬಿಚ್ಚಲಿಲ್ಲ. ಮ್ಯಾನೇಜರು ಬಂದು ನಿಂತರು. ಹೊಸ ಐಡಿಯಾ ಬರದಿದ್ದರೆ ಆರ್ಡರು ಬೇರೆ ಯೂನಿಟ್ಟಿಗೆ ಹೋಗುತ್ತದೆ ಎಂದರು. ಮಾತಾಡಿದರೆ ಪಕ್ಕದವಳ ಕೆಲಸ ಹೋಗುತ್ತದೆ, ಸುಮ್ಮನಿದ್ದರೆ ಎಲ್ಲರದೂ. ಅತ್ತ ದರಿ, ಇತ್ತ ಪುಲಿ. ಅನ್ನ ಕಲಸಿದ ಕೈ ಹಾಗೇ ಒಣಗುತ್ತಿತ್ತು.

"ಇವತ್ತು ನಾನು ಯೋಳ್ತೀನಿ" ಎಂದಳು ಸೆಲ್ವಿಯಕ್ಕ. " ಈ ಲೈನಿಗೆ ಸೂಪರ್‌ವೈಸರ್ ಬೇಕಾಗಿಲ್ಲ ಸಾರ್, ಎಲ್ರೂ ಕೆಲ್ಸ ಕಲ್ತವ್ರೆ. ನಾನು ಓಗ್ತೀನಿ, ಆ ಮೂವರು ಇರ್ಲಿ." ನನ್ನ ಪೆನ್ನು ನಿಂತುಬಿಟ್ಟಿತ್ತು. "ಯಾಕ್ಲೇ ನೋಡ್ತೀಯಾ? ಬರೀ!"

ಬರೆದೆ. ನನ್ನ ಕೈ ಸೇದಿಹೋಗಬಾರದಿತ್ತೇ! ಮ್ಯಾನೇಜರು ನಿಂತ ನಿಲುವಿನಲ್ಲೇ ಒಪ್ಪಿದರು.

ಅವಳು ಹೋದ ಎರಡೇ ತಿಂಗಳಿಗೆ ಆ ಮೂವರನ್ನೂ ಕೆಲಸದಿಂದ ತೆಗೆದರು. ಲೈನಿಗೆ ಸೂಪರ್‌ವೈಸರ್ ಇಲ್ಲವಲ್ಲ, ಕಾಗದಗಳನ್ನು ನನ್ನ ಕೈಯಿಂದಲೇ ಕೊಡಿಸಿದರು. ಕೊಟ್ಟೆ. ನನಗೂ ಮನೆಯಿದೆ, ಬೇರೆ ದಾರಿಯಿರಲಿಲ್ಲ.

ಮೊನ್ನೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸೆಲ್ವಿಯಕ್ಕ ಸಿಕ್ಕಿದಳು. ಸೊರಗಿದ್ದಾಳೆ. ಯಾವುದೋ ಟೈಲರ್ ಅಂಗಡಿಗೆ ಗುಂಡಿ ಹಾಕಿಕೊಡುತ್ತಾಳಂತೆ. ಹೇಗಿದ್ದೀಯಕ್ಕ ಎಂದು ನಾನು ಕೇಳುವ ಮೊದಲೇ ಅವಳೇ ಕೇಳಿದಳು.

"ರಾಜಮ್ಮ ಎಂಗವ್ಳೆ? ಮೂವರೂ ಕೆಲ್ಸದಲ್ಲಿ ಅವ್ರೆ ತಾನೇ?"

"ಇದಾರೆ ಅಕ್ಕ" ಎಂದೆ.

ಕಣ್ಣು ಮುಚ್ಚಿ ಒಂದು ನಿಟ್ಟುಸಿರು ಬಿಟ್ಟಳು. "ಅಷ್ಟು ಸಾಕಮ್ಮಾ" ಎಂದು ನನ್ನ ಕೆನ್ನೆ ಸವರಿ, ರೈಲು ಹತ್ತಿ ಹೋದಳು.