ಹಳದಿ ಬಣ್ಣದೊಳಗಿನ ಆಕಳು

ಸೊಲ್ಲಾಪುರ ರಸ್ತೆಯ ಗ್ಯಾರೇಜಿನಲ್ಲಿ ಬೆಳಗಿನ ಮೊದಲ ಸುತ್ತಿಗೆ ತಗಡಿನ ಮೇಲೆ ಬಿದ್ದರೆ, ಹಿಂದಿನ ಬಡಾವಣೆಯಿಂದ ಮುದುಕವ್ವನ ಆಕಳು ಗಂಗಿ ಉತ್ತರ ಕೊಡುತ್ತಾಳೆ. ಸುತ್ತಿಗೆ ಬಡಿದಷ್ಟು ಸಲವೂ ‘ಅಂಬಾ’. ಈ ಜುಗಲಬಂದಿ ಕೇಳುತ್ತಲೇ ಮುದುಕವ್ವ ಒಲೆ ಹೊತ್ತಿಸುತ್ತಾಳೆ. ಎದುರಿಗೆ ಮನೆ ಕಟ್ಟಿಸುತ್ತ ಪಕ್ಕದಲ್ಲೇ ಬಾಡಿಗೆಗಿದ್ದ ಪ್ರಲ್ಹಾದರಾಯರು ಕಿವಿಗೆ ಹತ್ತಿ ಹುಡುಕುತ್ತಿದ್ದರು.

ಬಡಾವಣೆಯೆಲ್ಲ ಒಂದು ಕಾಲಕ್ಕೆ ಅವಳ ಗಂಡನ ಜೋಳದ ಹೊಲ. ಅದು ನಿವೇಶನಗಳಾದಾಗ ಅವಳು ಒಂದು ಮೂಲೆಯನ್ನು ಬಿಟ್ಟುಕೊಡಲಿಲ್ಲ. ಗಂಡ ತೀರಿಕೊಂಡ, ಮಗಳು ಕಸ್ತೂರಿ ಕನಮಡಿಗೆ ಸೊಸೆಯಾಗಿ ಹೋದಳು. ಆ ಮೂಲೆಯಲ್ಲಿ ಉಳಿದದ್ದು ಎರಡು ಕೋಣೆ, ಹಿತ್ತಲು, ಗಂಗಿ. ಸುತ್ತಲಿನ ಪ್ರತಿ ಹೊಸ ಮನೆಯ ಹೊಸ್ತಿಲನ್ನೂ ಮೊದಲು ದಾಟಿದವಳು ಗಂಗಿಯೇ. ಹಣೆಗೆ ಕುಂಕುಮ ಹಚ್ಚಿಸಿಕೊಂಡು, ಬಾಳೆಹಣ್ಣು ತಿಂದು, ಮನೆಯೊಡೆಯರಿಗಿಂತ ಹೆಚ್ಚಿನ ಗತ್ತಿನಲ್ಲಿ ಒಳಗೆ ಹೋಗಿ ಬರುತ್ತಿದ್ದಳು.

ರಾಯರು ಪಾಲಿಕೆಗೆ ದೂರು ಕೊಟ್ಟರು. ಅಲ್ಲಿಯ ಸಾಹೇಬರು ಬಂದು ಮುದುಕವ್ವನ ಕಟ್ಟೆಯ ಮೇಲೆ ನಗರದ ನಕಾಶೆ ಹಾಸಿದರು.

“ನೋಡಬೇ, ಹಳದಿ ಅಂದ್ರ ವಾಸದ ಮನಿ. ನೀಲಿ ಅಂದ್ರ ಅಂಗಡಿ. ಹಸರು ಅಂದ್ರ ಹೊಲ, ದನ. ನಿನ್ನ ಜಾಗ ಹಳದಿಯೊಳಗ ಬರ್ತದ.”

“ಗಂಗಿ ಬೆಳ್ಳಗ ಅದಾಳಲ್ರಿ ಸಾಹೇಬ್ರ, ಅಕಿನ್ನ ಎಲ್ಲಿ ಹಾಕ್ತೀರಿ?”

ಸಾಹೇಬರು ನಗು ನುಂಗಿಕೊಂಡರು. “ದೂರು ಬರದಿದ್ರ ನಾವ್ಯಾಕ ಬರ್ತಿದ್ವಿ? ತಿಂಗಳೊಳಗ ಸಾಗಿಸು.”

ಸಾಗಿಸುವುದೆಂದರೆ ಕನಮಡಿಗೆ. ಗಂಗಿ ಹೋದರೆ ಮುದುಕವ್ವನೂ ಹಿಂದೆಯೇ ಹೋಗಬೇಕು, ಬೀಗರ ಮನೆಯಲ್ಲಿ ಮೆಲ್ಲಗೆ ಕೆಮ್ಮಿಕೊಂಡು ಬದುಕಬೇಕು. ಅದು ಅವಳಿಗೆ ಆಗದ ಮಾತು.

ಅಷ್ಟರಲ್ಲಿ ರಾಯರ ಗೃಹಪ್ರವೇಶ ಬಂತು. “ಆಕಳ ಕಾಲಿಡದ ಮನಿಯೊಳಗ ನಾ ಬರಂಗಿಲ್ಲ” ಎಂದು ಅವರ ತಾಯಿ ಆನಂದೀಬಾಯಿ ಹಟ ಹಿಡಿದರು. ರಾಯರು ಮುದುಕವ್ವನ ಬಾಗಿಲಿಗೆ ಬಂದು ಗಂಟಲು ಸರಿಮಾಡಿಕೊಂಡರು.

“ನಾಳೆ ಮುಂಜಾನೆ, ಒಂದೀಟು ಗಂಗೀನ್ನ…”

“ನಿಮ್ಮ ಮನಿನೂ ಹಳದಿ ಅಲ್ಲೇನ್ರಿ ರಾಯರ?”

“ಒಂದ್ ಗಳಿಗಿ ಮಾತಬೇ!”

ಮರುದಿನ ಗಂಗಿ ಹೊಸ್ತಿಲು ದಾಟಿದಳು. ನೆಟ್ಟಗೆ ಪಡಸಾಲೆಯ ಮೂಲೆಗೆ ಹೋಗಿ, ಹೊಳೆಯುವ ಕಲ್ಲನ್ನು ಮೂಸಿ, ಕಾಲು ಮಡಚಿ ಮಲಗಿಬಿಟ್ಟಳು. ಅವಳು ಕರುವಾಗಿದ್ದಾಗ ಕಟ್ಟುತ್ತಿದ್ದ ಮೇವಿನ ಗೋದಲಿ ಅದೇ ಜಾಗದಲ್ಲಿತ್ತು. ಅದು ನೆನಪಿದ್ದದ್ದು ಗಂಗಿಗೆ, ಮತ್ತೆ ಮುದುಕವ್ವನಿಗೆ. ಭಟ್ಟರು ಕೈಮುಗಿದರು, ಹುಡುಗಿಯರು ಫೋಟೊ ತೆಗೆದರು. ಗಂಗಿ ಮೆಲುಕು ಹಾಕಿದಳು, ಸಗಣಿಯನ್ನೂ ಹಾಕಿದಳು. “ಲಕ್ಷ್ಮೀ ಬಂದ್ಲು!” ಎಂದು ಆನಂದೀಬಾಯಿ ಹಿಗ್ಗಿದರು.

ರಾಯರು ಆಹ್ವಾನಿಸಿದ್ದ ಸಾಹೇಬರು ಆಗಲೇ ಬಾಗಿಲಲ್ಲಿ ನಿಂತಿದ್ದರು.

“ಮುದುಕವ್ವ, ಎಬ್ಬಿಸಬೇ!” ಎಂದು ರಾಯರು ಅವಸರಿಸಿದರು.

“ಎಬ್ಬಿಸಿ ಎಲ್ಲಿ ಒಯ್ಯಲ್ರಿ? ಹಳದಿಯೊಳಗ ದನಕ್ಕ ಜಾಗ ಇಲ್ಲಂತ.”

“ನಿನ್ನ ಹಿತ್ತಲಕ್ಕ ಒಯ್ಯಿ!”

“ಸಾಹೇಬ್ರು ಕೇಳಾಕತ್ತಾರ್ರಿ.”

ರಾಯರು ಸಾಹೇಬರತ್ತ ತಿರುಗಿದರು. “ದೂರು ಹಿಂದ ತಗೊಂಡೀನ್ರಿ.”

ಸಾಹೇಬರು ಬುಂದೆ ಉಂಡಿ ಬಾಯಿಗೆ ಹಾಕಿಕೊಂಡು ತಲೆಯಾಡಿಸಿದರು.

ಮುದುಕವ್ವ ನಾಲಿಗೆಯಿಂದ ಒಮ್ಮೆ ‘ಟ್ಚ’ ಎಂದಳು, ಅಷ್ಟೇ. ಗಂಗಿ ಎದ್ದು ನಿಂತಳು. ಮುದುಕವ್ವ ಹಗ್ಗ ಹಿಡಿದು ಮೆಟ್ಟಿಲಿಳಿಯುತ್ತ, ತಿರುಗಿ ನೋಡದೆಯೇ, “ಸಂಜಿಮುಂದ ಹಾಲಿಗೆ ತಂಬಿಗಿ ಕಳಸ್ರಿ ರಾಯರ, ಮತ್ತ ನಾಳೆ ಮುಂಜಾನೆ ಸುತ್ತಿಗಿ ಬಡದು ಗಂಗಿ ಒದರಿದ್ರ, ನೀವು ಎದ್ದು ಸುಮ್ಮನ ಚಾ ಕುಡೀರಿ” ಎನ್ನುತ್ತಲೇ ಗಂಗಿಯ ಬಾಲದ ಹಿಂದೆ ಹಿತ್ತಲ ತಿರುವಿನಲ್ಲಿ ಮರೆಯಾದಳು.