ಕತ್ತರಿ ಮುಟ್ಟದ ಪಗಾರ

ನಮ್ಮ ಹಿತ್ತಲಿನ ತಂತಿಯ ಮೇಲೆ ಈಗ ಅಂಗೈಯಗಲದ ಒಂದು ಕೆಂಪು ಕುಲಾವಿ ಒಣಗುತ್ತಿದೆ. ಮೊನ್ನೆ ಮೊನ್ನೆಯವರೆಗೂ ಅದೇ ತಂತಿಯ ಮೇಲೆ ನನ್ನ ಖಾಕಿ ಪ್ಯಾಂಟು, ಎಷ್ಟು ಉಜ್ಜಿದರೂ ಗ್ರೀಸಿನ ಕಲೆ ಬಿಡದ ಅಂಗಿ, ಸೋತ ಪೈಲ್ವಾನರ ಹಾಗೆ ಕೈಕಾಲು ಇಳಿಬಿಟ್ಟು ಜೋತಾಡುತ್ತಿದ್ದವು. ಅಷ್ಟು ಉದ್ದದ ತಂತಿಯನ್ನು ಒಂದು ಮುಷ್ಟಿಯ ಬಟ್ಟೆ ಗೆದ್ದುಕೊಂಡುಬಿಟ್ಟಿತಲ್ಲ ಎಂದು ನಾನು ಬಾಗಿಲಲ್ಲಿ ಕೂತು ಬೆರಗಾಗಿ ನೋಡುತ್ತೇನೆ. ಗೆಳೆಯರೆ, ನಾನು ಓದಿದ್ದು ನಾಲ್ಕನೆಯ ಕ್ಲಾಸು. ಮಿಕ್ಕಿದ್ದೆಲ್ಲ ಕಲಿತದ್ದು ಕಾರ್ಖಾನೆಯ ಲೇತ್ ಯಂತ್ರದ ಮುಂದೆ ನಿಂತು. ಸಂತೋಷವನ್ನು ಅಳತೆಯಲ್ಲಿ ಬರೆಯುವುದು ನನಗೆ ತಿಳಿಯದು. ಅದು ಹಾಲಿನ ಹಾಗೆ ಉಕ್ಕಿ ಒಲೆಯೆಲ್ಲ ಆದರೆ ಒರೆಸಿಕೊಂಡು ಓದಿರಿ.

ನಮ್ಮ ಮಗಳು ಮಂಜುಳಾ ಮದುವೆಯಾಗಿ ಬಹಳ ವರ್ಷ ಕಾದು, ಹರಕೆ ಹೊತ್ತು, ಕಡೆಗೆ ಹರಕೆಯನ್ನೂ ಬಿಟ್ಟ ಮೇಲೆ ಹೆತ್ತ ಕೂಸು ಇದು. ಪದ್ಧತಿಯಂತೆ ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬುವ ಮೊದಲೇ ಹುಟ್ಟಿತು, ಹೆಣ್ಣು. ಅದೇ ತಿಂಗಳಲ್ಲಿ ನನಗೆ ನಿವೃತ್ತಿ. ಹೀಗೆ ನಾನು ಕೆಲಸ ಬಿಟ್ಟೆ, ಮೊಮ್ಮಗಳು ಕೆಲಸಕ್ಕೆ ಸೇರಿದಳು. ಅಳುವುದು, ಕುಡಿಯುವುದು, ತೋಯಿಸುವುದು, ಮೂರು ಪಾಳಿಯೂ ಒಬ್ಬಳೇ. ರಜೆ ಕೇಳಿದ್ದಿಲ್ಲ, ಗೇಟಿನಲ್ಲಿ ತಡವಾದದ್ದಿಲ್ಲ.

ಇನ್ನು ಪಗಾರದ ವಿಷಯಕ್ಕೆ ಬರುತ್ತೇನೆ. ಹರಿಹರದ ಕಾರ್ಖಾನೆಯಿಂದ ಸಂಜೆಯ ರೈಲಿಗೆ ದಾವಣಗೆರೆಗೆ ಬಂದು, ನಿಜಲಿಂಗಪ್ಪ ಬಡಾವಣೆಯ ಹಿಂದಿನ ನಮ್ಮ ಓಣಿಗೆ ಸೈಕಲ್ ತುಳಿದು, ಕಾಲು ತೊಳೆದು ಒಳಗೆ ಹೋದರೆ, ನನ್ನ ಹೆಂಡತಿ ಬಸಮ್ಮ ಪಗಾರದ ಲಕೋಟೆಗೆ ಕೈಚಾಚುವ ಮೊದಲು ಕೇಳುತ್ತಿದ್ದ ಮಾತು ಒಂದೇ.

"ಏನೇನ್ ಹಿಡ್ಕಂಡಾರ್ರಿ?"

ನಾನು ಬಲ್ಬಿನ ಕೆಳಗೆ ನಿಂತು ಚೀಟಿ ಓದಬೇಕು. ಪಿ.ಎಫ್.ಗೆ ಇಷ್ಟು, ಸೊಸೈಟಿಗೆ ಇಷ್ಟು, ಯೂನಿಯನ್ನಿಗೆ ಇಷ್ಟು. ಒಂದೊಂದಕ್ಕೂ ಅವಳದೊಂದು ಟೀಕೆ. "ಕ್ಯಾಂಟೀನಿಗೆ ಇಷ್ಟ್ಯಾಕ? ನಾ ಕಟ್ಟಿಕೊಟ್ಟ ರೊಟ್ಟಿ ಯಾರಿಗೆ ತಿನ್ನಿಸ್ತೀರಿ?" ಎಂದು ನನ್ನನ್ನು ನಿಲ್ಲಿಸಿ ವಿಚಾರಣೆ ಮಾಡುವಳು. ಚಳಿ ಕಳೆಯುವ ಹೊತ್ತಿಗೆ ಚೀಟಿಯಲ್ಲಿ ಇನ್‌ಕಮ್ ಟ್ಯಾಕ್ಸು ಎಂಬ ದೊಡ್ಡ ಕತ್ತರಿ ಬೀಳುತ್ತಿತ್ತು. ಅದಕ್ಕೆ ಮಾತ್ರ ಅವಳು ಬೈಯುತ್ತಿರಲಿಲ್ಲ. "ಅದ್ಯಾರೋ ಪಾಪ, ಮುಖಾನೂ ತೋರಿಸ್ದಂಗ ಒಯ್ತಾನೆ" ಎಂದು ನಿಟ್ಟುಸಿರು ಬಿಡುವಳು. ಮುಖ ಕಾಣದವನ ಮೇಲೆ ಜಗಳಕ್ಕೆ ಹೋಗುವುದು ಅವಳ ಜಾಯಮಾನವಲ್ಲ.

ನನ್ನ ಕಡೆಯ ಪಗಾರ, ಯೂನಿಯನ್ನಿನ ಹೊಸ ಒಪ್ಪಂದದ ಬಾಕಿಯನ್ನೂ ಕೂಡಿಕೊಂಡು, ಗಟ್ಟಿ ಲಕೋಟೆಯಾಗಿ ಕೈಗೆ ಬಂತು. ಬಲ್ಬಿನ ಕೆಳಗೆ ನಿಂತು ಓದಿದರೆ ಟ್ಯಾಕ್ಸಿನ ಮನೆ ಖಾಲಿ! ಎರಡು ಸಲ ಕನ್ನಡಕ ಒರೆಸಿದೆ. ಖಾಲಿಯೇ. ಬಸಮ್ಮನಿಗೆ ಹೇಳಿದರೆ ಅವಳು ಲಕೋಟೆಯನ್ನು ಕಣ್ಣಿಗೊತ್ತಿಕೊಂಡು ದೇವರ ಜಗಲಿಯ ಮೇಲಿಟ್ಟು, ಚೀಟಿಗೆ ಅರಿಶಿನ ಕುಂಕುಮ ಹಚ್ಚಿ, ತನ್ನ ತವರು ಆನಗೋಡಿನ ಕಣದಲ್ಲಿ ಜೋಳದ ರಾಶಿ ಅಳೆಯುವವರ ಹಾಗೆ ಮೊದಲ ನೋಟಿಗೆ ಒಂದು ಅನ್ನದೆ "ಲಾಭ" ಎಂದು ಎಣಿಕೆ ಸುರು ಮಾಡಿದಳು. ಕಾರ್ಖಾನೆಯ ಗೆಳೆಯರೂ ಅದನ್ನೇ ಹೇಳಿದ್ದರು: ಜೀವಮಾನವೆಲ್ಲ ದುಡಿದವನ ಕಡೇ ಪಗಾರಕ್ಕೆ ಕತ್ತರಿ ಹಾಕಬಾರದೆಂದು ಆಫೀಸಿನವರು ಮರ್ಯಾದೆ ಮಾಡಿದ್ದಾರೆ, ಶಾಲು ಹೊದಿಸುವ ಬದಲು ಹೀಗೆ ಹೊದಿಸಿದ್ದಾರೆ. ನನಗೂ ಹಾಗೇ ಅನ್ನಿಸಿತು. ಶಾಲಿಗಿಂತ ಬೆಚ್ಚಗೂ ಇತ್ತು.

ಆ ದುಡ್ಡಿಗೆ ದಾರಿ ಮೊದಲೇ ಗೊತ್ತಿತ್ತು. ಪಿ.ಎಫ್. ಬಂದರೆ ಬಂದ ಕಾಲಲ್ಲೇ ಮನೆಯ ಸಾಲಕ್ಕೆ ಹೋಗತಕ್ಕದ್ದು. ಈ ಲಕೋಟೆ ಮಾತ್ರ ಕೂಸಿನದು. ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಡುವಾಗ ತವರಿನಿಂದ ತೊಟ್ಟಿಲು ಹೋಗಬೇಕು. ಇಷ್ಟು ವರ್ಷ ಬೀಗರ ಮನೆಯಲ್ಲಿ "ಇನ್ನೂ ಏನೂ ಇಲ್ಲೇನು?" ಎಂಬ ಮಾತನ್ನು ನುಂಗಿಕೊಂಡು ಬದುಕಿದ ಮಗಳು, ತೇಗದ ತೊಟ್ಟಿಲನ್ನು ಮುಂದೆ ಬಿಟ್ಟುಕೊಂಡು, ಅದರ ನಾಲ್ಕು ಮೂಲೆಗೂ ಬೆಳ್ಳಿಯ ಗೆಜ್ಜೆ ಘಲ್ಲೆನ್ನುತ್ತಾ ಹರಿಹರದ ಬೀಗರ ಬೀದಿಯಲ್ಲಿ ಇಳಿಯಬೇಕೆಂದು ನಾನೂ ಬಸಮ್ಮನೂ ಆಸೆಪಟ್ಟೆವು. ಓಣಿಯ ಬಡಗಿಗೆ ಹೇಳಿಯಾಯಿತು, ಸರಾಫನ ಅಂಗಡಿಯಲ್ಲಿ ಗೆಜ್ಜೆ ನೋಡಿಟ್ಟಾಯಿತು, ತೊಟ್ಟಿಲಿಗೆ ಹಾಕುವ ದಿನ ಹೋಳಿಗೆ ಊಟವೆಂದು ಬೀಗಿತ್ತಿಗೆ ಎಸ್.ಟಿ.ಡಿ. ಬೂತಿನಿಂದ ಫೋನಿನಲ್ಲಿ ಸಾರಿಯಾಯಿತು.

ಆ ಭಾನುವಾರ ಅಳಿಯಂದಿರು ಕೂಸನ್ನು ನೋಡಲು ಬಂದರು. ಹರಿಹರದಲ್ಲಿ ಒಬ್ಬ ಆಡಿಟರ ಕೈಕೆಳಗೆ ಗುಮಾಸ್ತರು. ಮಾತು ಕಡಿಮೆ, ಕುರ್ಚಿಯ ತುದಿಯಲ್ಲೇ ಕೂರುವ ಜನ. ವಿಭೂತಿ ಹಚ್ಚಿಕೊಳ್ಳಲು ಜಗಲಿಯ ಹತ್ತಿರ ಹೋದವರು ಅಲ್ಲೇ ನಿಂತುಬಿಟ್ಟರು. ಭಕ್ತಿ ಇಷ್ಟು ಯಾವಾಗ ಬಂತೆಂದು ನೋಡಿದರೆ ಅವರ ಕಣ್ಣು ದೇವರ ಮೇಲಿರಲಿಲ್ಲ, ಕುಂಕುಮ ಹಚ್ಚಿದ ಚೀಟಿಯ ಮೇಲಿತ್ತು.

"ಮಾವಾರೆ, ಒಂದ್ಮಾತು. ತಪ್ಪು ತಿಳ್ಕೋಬ್ಯಾಡ್ರಿ" ಎಂದರು.

ಒಳಗೆ ಪಾತ್ರೆಯ ಸದ್ದು ನಿಂತಿತು.

"ಇದ್ರಾಗ ಟ್ಯಾಕ್ಸ್ ಹಿಡಿದಿಲ್ರಿ."

"ಹೌದಪ್ಪ, ಬಿಟ್ಟಾರೆ."

"ಬಿಟ್ಟಿಲ್ರಿ. ಮರ್ತಾರೆ."

ಮಾವನ ದುಡ್ಡಿನ ಮಾತು ಅಳಿಯನ ಬಾಯಲ್ಲಿ ಬಂದರೆ ಅದಕ್ಕೆ ನಮ್ಮ ಕಡೆ ಒಂದೇ ಅರ್ಥ. ಬಸಮ್ಮ ಚಹದ ಲೋಟ ತಂದು ಮೇಜಿನ ಮೇಲೆ ಟಕ್ಕೆಂದು ಇಟ್ಟಳು. "ಚಾ ಆರ್ತೈತೆ ಕುಡೀರಿ ಅಳಿಯಂದ್ರೆ. ನಿಮ್ಮ ಮಾವಾರ ಪಗಾರಾನ ದೇವ್ರ ಮುಂದಿಟ್ಟೀವಿ, ಅವ್ನೇ ನೋಡ್ಕಂತಾನೆ." ಪಾಪ, ಅವರ ಮುಖ ಕೂಸಿನ ಕುಲಾವಿಯ ಬಣ್ಣಕ್ಕೆ ತಿರುಗಿತು. ಲೋಟ ಬಾಯಿಗಿಟ್ಟುಕೊಂಡವರು ಇಳಿಸಲೇ ಇಲ್ಲ. ಕಡೆಗೆ ಬಾಣಂತಿ ಕೋಣೆಯೊಳಗಿಂದ, ಸಾಂಬ್ರಾಣಿ ಹೊಗೆಯ ನಡುವೆ ಮಂಜುಳಾಳ ದನಿ ಬಂತು: "ಅವ್ವಾ, ಅವ್ರು ದುಡ್ಡು ಕೇಳ್ತಿಲ್ಲವ್ವ! ಕಟ್ರಿ ಅಂತ ಹೇಳ್ತಿದಾರೆ!"

ಆಮೇಲೆ ಅಳಿಯಂದಿರು ನಿಧಾನಕ್ಕೆ ಬಿಡಿಸಿ ಹೇಳಿದರು. ಆಫೀಸಿನವರು ಹಿಡಿಯಲಿಲ್ಲವೆಂದ ಮಾತ್ರಕ್ಕೆ ಟ್ಯಾಕ್ಸು ತೀರಿತೆಂದಲ್ಲ. ಹಿಡಿದಿದ್ದರೆ ಅವರು ಕಟ್ಟುತ್ತಿದ್ದರು, ಹಿಡಿಯದಿದ್ದರೆ ನಾವೇ ಬ್ಯಾಂಕಿಗೆ ಹೋಗಿ ಕಟ್ಟಿ, ಆ ವರ್ಷದ ಲೆಕ್ಕ ಬರೆದು ಕೊಡಬೇಕು. ಎಷ್ಟಾಗಬಹುದೆಂದು ಪೆನ್ಸಿಲಿನಲ್ಲಿ ಬರೆದು ತೋರಿಸಿದರು. ತೇಗವನ್ನೂ ಗೆಜ್ಜೆಯನ್ನೂ ಹೋಳಿಗೆಯನ್ನೂ ಒಟ್ಟಿಗೆ ನುಂಗುವಷ್ಟು ಆಗಿತ್ತು.

ಮಾರನೆಯ ದಿನ ಹರಿಹರಕ್ಕೆ ಹೋದೆ. ಕೆಲಸವಿಲ್ಲದೆ ಆ ರೈಲು ಹತ್ತಿದ್ದು ಅದೇ ಮೊದಲು. ಡಬ್ಬಿಯ ಗೆಳೆಯರು ಜಾಗ ಬಿಟ್ಟುಕೊಟ್ಟಿದ್ದು ನೋಡಿ ನಾನು ಮುದುಕನಾದೆನೆಂದು ಗೊತ್ತಾಯಿತು. ಆಫೀಸಿನಲ್ಲಿ ಹೊಸದಾಗಿ ಬಂದ ಗುಮಾಸ್ತರು ಕಾಗದ ತಿರುವಿ ಹಾಕಿ, "ಹೌದ್ರಿ, ತಪ್ಪೈತೆ. ಬಾಕಿ ದುಡ್ಡು ಕೊಡೋ ಗಡಿಬಿಡಿನಾಗ ಹಿಡಿಯೋದು ಬಿಟ್ಟೋಗೈತೆ. ನೀವೇ ಕಟ್ಬಿಡ್ರಿ" ಎಂದು ಕೈಮುಗಿದರು. ಕೈಮುಗಿದವರ ಹತ್ತಿರ ಏನು ಜಗಳ? ಹೊರಗೆ ಕ್ಯಾಂಟೀನಿನಲ್ಲಿ ನನ್ನ ಜೊತೆ ಲೇತಿನಲ್ಲಿದ್ದ ಗೆಳೆಯ ನಕ್ಕುಬಿಟ್ಟ. "ಸುಮ್ನಿರೋ ಮಾರಾಯ. ದಿಲ್ಲಿಯೋರಿಗೆ ನಿನ್ನ ತೊಟ್ಲು ಕಾಣ್ತೈತೇನು?"

ಮಾತು ಸಿಹಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ತುಂಗಭದ್ರೆಯ ದಿಕ್ಕಿನಿಂದ ಬೀಸುವ ಗಾಳಿಯಲ್ಲಿ ಅದು ನನ್ನ ಜೊತೆಗೇ ನಿಲ್ದಾಣದವರೆಗೆ ನಡೆದುಬಂತು. ದಿಲ್ಲಿ ಎಲ್ಲಿ, ನಮ್ಮ ಓಣಿ ಎಲ್ಲಿ. ನಮ್ಮ ಊರು ಜಿಲ್ಲೆಯಾದ ಸುದ್ದಿಯೇ ದಿಲ್ಲಿಗೆ ಇನ್ನೂ ಮುಟ್ಟಿದೆಯೋ ಇಲ್ಲವೋ.

ಮನೆಗೆ ಬಂದರೆ ಬಸಮ್ಮ ಕಾಲು ಚಾಚಿ ಕೂತು ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀವುತ್ತಿದ್ದಳು. ನಾನು ಆಫೀಸಿನವರು ಹೇಳಿದ್ದನ್ನೂ ಗೆಳೆಯ ಹೇಳಿದ್ದನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಕೂಸಿನ ತೊಡೆಯ ಮಡಿಕೆಗೆ ಎಣ್ಣೆ ಸವರುತ್ತಲೇ ಮಾತು ಸುರುವಿಟ್ಟುಕೊಂಡಳು.

"ನಮ್ಮಪ್ಪ ಕಣದಾಗ ಆಯ ಕೊಡೋತನಕ ಒಂದು ಸೇರು ಜ್ವಾಳ ಮನೆ ಕಡೆ ಕಳಿಸ್ತಿರ್ಲಿಲ್ಲ. ಬಡಗಿ, ಕಮ್ಮಾರ, ಅಗಸ ಎಲ್ರ ಪಾಲೂ ಅಳೆದು ಹಾಕಿದ ಮ್ಯಾಲೇ ನಮ್ದು. ಒಂದ್ವರ್ಷ ಮೋಡ ಕಟ್ತು ಅಂತ ರಾಶೀನ ಗಾಡಿಗೆ ಹೇರಿ ಹಂಗೇ ತಂದ್ರು. ನಮ್ಮವ್ವ ಚೀಲ ಬಿಚ್ಚಗೊಡ್ಲಿಲ್ಲ. ಮಳೆ ನಿಂತ ಮ್ಯಾಲೆ ಅಂಗಳದಾಗ ಮತ್ತೆ ಸುರುವಿ, ಎಲ್ರನ್ನೂ ಕರೆಸಿ ಕೊಟ್ಟ ಮ್ಯಾಲೇ ಬೀಸಾಕ ತಗಂಡಿದ್ದು." ಕೂಸನ್ನು ಮಗುಚಿ ಬೆನ್ನಿಗೆ ಎಣ್ಣೆ ಹಚ್ಚಿದಳು. "ನಿಮ್ಮ ಕಾರ್ಖಾನೆಯೋರೂ ಆಯ ಕೊಡದಂಗ ರಾಶಿ ಗಾಡಿಗೆ ಹೇರ್ಯಾರೆ. ಅಷ್ಟೇ. ಈ ಕೂಸನ್ನ ಅಂಥಾ ಜ್ವಾಳದ ಮ್ಯಾಲೆ ಮಲಗಿಸ್ತೀರೇನು?"

ಜೀವಮಾನವೆಲ್ಲ ಲೇತಿನಲ್ಲಿ ಕಬ್ಬಿಣ ಕೊರೆದವನು ನಾನು. ಸರಳಿನ ಮೈಯಿಂದ ಸುರುಳಿ ಸುರುಳಿಯಾಗಿ ಚೂರು ಕತ್ತರಿಸಿ ಬೀಳದಿದ್ದರೆ ಯಾವ ಸರಳೂ ಅಚ್ಚಾಗುವುದಿಲ್ಲ, ಯಾವ ಚಕ್ರವೂ ತಿರುಗುವುದಿಲ್ಲ. ಕೈಗೆ ಗೊತ್ತಿದ್ದ ಈ ಮಾತು ಪಗಾರದ ಚೀಟಿ ಓದುವಾಗ ಮಾತ್ರ ತಲೆಗೆ ಹತ್ತಿರಲೇ ಇಲ್ಲ.

ಅಳಿಯಂದಿರು ಚಲನ್ ಬರೆದುಕೊಟ್ಟರು, ನಾನು ಸಹಿ ಮಾಡಿದೆ. ಬ್ಯಾಂಕಿನಲ್ಲಿ ಸಾಲು ಹನುಮಂತನ ಬಾಲದ ಹಾಗೆ ಬಾಗಿಲು ದಾಟಿತ್ತು. ನನ್ನ ಸರದಿ ಬಂದಾಗ ಕ್ಯಾಷಿಯರು ತಲೆ ಎತ್ತದೆ, "ಯಾವ ಕಂಪನೀರಿ?" ಎಂದು ಕೇಳಿದರು.

"ಕಂಪನಿ ಅಲ್ಲಪ್ಪ, ನಾನೇ" ಎಂದೆ.

ಆಗ ತಲೆ ಎತ್ತಿದರು. ಅಷ್ಟು ವರ್ಷ ನನ್ನ ಕೈ ಮುಟ್ಟುವ ಮೊದಲೇ ಯಾರೋ ಕತ್ತರಿಸಿಕೊಂಡು ಹೋಗುತ್ತಿದ್ದದ್ದನ್ನು ಅಂದು ನಾನೇ ಎಣಿಸಿ, ನಾನೇ ಕಿಂಡಿಯೊಳಗೆ ಚಾಚಿದೆ. ಕಳೆದುಕೊಳ್ಳುವುದಕ್ಕೂ ಕೊಡುವುದಕ್ಕೂ ಇಷ್ಟೊಂದು ಅಂತರವೇ ಗೆಳೆಯರೆ? ದುಡ್ಡು ಅದೇ, ಹೋಗುವ ಜಾಗ ಅದೇ. ಆದರೆ ಎದೆ ಮಾತ್ರ ದಾಸೋಹದಲ್ಲಿ ಬಡಿಸಲು ನಿಂತವನ ಎದೆಯ ಹಾಗೆ ಅಗಲವಾಗಿತ್ತು.

ಕ್ಯಾಷಿಯರು ಮೊಹರು ಹಾಕುವಷ್ಟರಲ್ಲಿ ನನಗೆ ದೊಡ್ಡಾಸ್ಪತ್ರೆಯ ಆ ಗಾಜಿನ ಪೆಟ್ಟಿಗೆ ನೆನಪಾಯಿತು. ಹುಟ್ಟಿದಾಗ ನಮ್ಮ ಕೂಸು ನನ್ನ ಅಂಗೈಗಿಂತ ಸ್ವಲ್ಪವೇ ಉದ್ದ. ಸರ್ಕಾರಿ ಆಸ್ಪತ್ರೆಯವರು ಅದನ್ನು ಬಿಸಿ ಬಲ್ಬಿನ ಪೆಟ್ಟಿಗೆಯಲ್ಲಿಟ್ಟು ಕಾವು ಕೊಟ್ಟರು. ನಾನು ಗಾಜಿಗೆ ಮೂಗು ಒತ್ತಿ ನಿಂತರೆ, "ಅಜ್ಜಾರೆ, ಉಸಿರು ಬಿಡಬ್ಯಾಡ್ರಿ, ಗಾಜಿಗೆ ಮಂಜು ಕಟ್ತೈತೆ" ಎಂದು ನರ್ಸಮ್ಮ ಗದರುತ್ತಿದ್ದಳು. ಆ ಬಲ್ಬು ಉರಿಯಲೆಂದು ಯಾವ ಊರಿನ ಯಾರ ಪಗಾರ ಕತ್ತರಿಸಿದ್ದರೋ, ಯಾವ ಹೆಂಡತಿ ಚೀಟಿ ಓದಿಸಿಕೊಂಡು ನಿಟ್ಟುಸಿರು ಬಿಟ್ಟಿದ್ದಳೋ. ನಾನು ಕಟ್ಟಿದ್ದು ಅಲ್ಲಿಗೇ ಹೋಗುತ್ತದೆ ಎನ್ನುವಷ್ಟು ಹುಚ್ಚ ನಾನಲ್ಲ. ಯಾವ ರಸ್ತೆಯ ಗುಂಡಿಗೆ ಬೀಳುತ್ತದೋ, ಯಾವ ಮಂತ್ರಿಯ ಕಾರಿಗೆ ಪೆಟ್ರೋಲಾಗುತ್ತದೋ. ಆದರೂ ಮುಖ ತೋರಿಸದೆ ನಮ್ಮ ಕೂಸಿಗೆ ಕಾವು ಕೊಟ್ಟವರಿದ್ದಾರಲ್ಲ, ಅವರ ಹೊಟ್ಟೆ ತಣ್ಣಗಿರಲಿ ಎಂದು ಆ ಸಾಲಿನಲ್ಲೇ ಕೈಮುಗಿದೆ. ಹಿಂದಿದ್ದವನು, "ಮುಗೀತೇನ್ರಿ ಪೂಜೆ?" ಎಂದ.

ತೊಟ್ಟಿಲು ಬೇವಿನದಾಯಿತು. "ತೇಗದ ಚಿಂತಿ ಬಿಡ್ರಿ, ಬೇವಿಗೆ ಹುಳ ಹತ್ತಂಗಿಲ್ಲ" ಎಂದು ಬಡಗಿ ನಯವಾಗಿ ಕೀಸಿ ಕೊಟ್ಟ. ಹೋಳಿಗೆಯ ಬದಲು ಗುಗ್ಗರಿ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಗೆಜ್ಜೆ ಸರಾಫನ ಅಂಗಡಿಯಲ್ಲೇ ಉಳಿಯಿತು.

ತೊಟ್ಟಿಲಿಗೆ ಹಾಕುವ ದಿನ ಹರಿಹರದಿಂದ ಬೀಗಿತ್ತಿ ತಮ್ಮ ಮಂದಿಯನ್ನು ಕರೆದುಕೊಂಡು ಬಂದರು. ಎತ್ತರದ ಆಳು, ಖಡಕ್ ಮಾತು, ಬೇಸಾಯದ ಮನೆಯಿಂದ ಬಂದವರು. ತೊಟ್ಟಿಲನ್ನು ಒಮ್ಮೆ ತೂಗಿ ನೋಡಿದರು. ಸದ್ದಿಲ್ಲ.

"ಗೆಜ್ಜೆ ಅಂದಿದ್ರಿ?"

ಓಣಿಯ ಹೆಣ್ಣುಮಕ್ಕಳೆಲ್ಲ ತೊಟ್ಟಿಲ ಕಡೆ ತಿರುಗಿದರು. ಮಂಜುಳಾ ಕೂಸನ್ನು ಎದೆಗೆ ಅವಚಿಕೊಂಡು ನೆಲ ನೋಡಿದಳು. ಬಸಮ್ಮ ಸೆರಗು ಸರಿಮಾಡಿಕೊಂಡು ಹೇಳಿದಳು: "ಆಯ ಕೊಟ್ಟು ಉಳಿದದ್ರಾಗ ಮಾಡ್ಸೀವಿ ಅಕ್ಕಾರೆ. ಗೆಜ್ಜೆ ಆಯಕ್ಕೆ ಹೋದ್ವು."

ಬೀಗಿತ್ತಿ ಅವಳ ಮುಖವನ್ನು ನೋಡಿದರು, ಆಮೇಲೆ ತಮ್ಮ ಮಗನ ಮುಖವನ್ನು. ಅಳಿಯಂದಿರು ಹೌದೆಂದು ತಲೆಯಾಡಿಸಿದರು.

"ಎಲ್ಲಾ ಕೊಟ್ರೇನು?"

"ಎಲ್ಲಾ."

"ಹಂಗಾರೆ ಕೂಸನ್ನ ತರ್ರಿ ಇಲ್ಲಿ."

ಮಂಜುಳಾಳ ಕೈಯಿಂದ ತಾವೇ ತೆಗೆದುಕೊಂಡು ತೊಟ್ಟಿಲಲ್ಲಿ ಮಲಗಿಸಿದರು. ನಡುವಿಗೆ ಕೈ ಹಾಕಿ, ಸಿಕ್ಕಿಸಿಕೊಂಡಿದ್ದ ಬೆಳ್ಳಿಯ ಕೀಲಿಗೊಂಚಲನ್ನು ಎಳೆದು ತೆಗೆದು, ತೊಟ್ಟಿಲ ತಲೆಕಟ್ಟಿಗೆ ತೂಗುಹಾಕಿ ಒಂದು ಸಲ ತೂಗಿದರು. ಗೊಂಚಲಿನ ಕಿರುಗೆಜ್ಜೆಗಳೂ ಮನೆಯ ಕೀಲಿಕೈಗಳೂ ಕೂಡಿ ಘಲ್ಲೆಂದವು. ಕೂಸು ಅತ್ತ ಕಣ್ಣು ಹೊರಳಿಸಿತು. ಯಾರೋ ಸೋಬಾನೆ ಎತ್ತಿಕೊಂಡರು.

ಸಂಜೆ ಬಸ್ಸಿಗೆ ಹೊರಡುವಾಗ ಬೀಗಿತ್ತಿ ಕೀಲಿಕೈಗಳನ್ನಷ್ಟೇ ಒಂದೊಂದಾಗಿ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಬೆಳ್ಳಿಯನ್ನು ಅಲ್ಲೇ ಬಿಟ್ಟು, ಹಿಂತಿರುಗಿ ನೋಡದೆ ಮೆಟ್ಟಿಲಿಳಿದರು.