ಮಾವ ಹೊಟ್ಟೆ ಹಿಡಿದು ಓಡುತ್ತಿದ್ದ ರೀತಿ

ಸಾಯಗಾಂವದ ನನ್ನ ಸೋದರಮಾವ ತಂಬಿಗೆ ಹಿಡಿದು ತೊಗರಿ ಹೊಲಕ್ಕೆ ಓಡುವುದನ್ನು ನಾನು ಎಂಟು ವರ್ಷದವನಿದ್ದಾಗಿಂದ ಮಾಡಿ ತೋರಿಸುತ್ತಿದ್ದೆ. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಹೊಟ್ಟೆ, ಬಾಗಿದ ಬೆನ್ನು, ಸಣ್ಣ ಸಣ್ಣ ಹೆಜ್ಜೆ. ಎಲ್ಲರೂ ನಗುತ್ತಿದ್ದರು, ಮಾವನೂ ನಗುತ್ತಿದ್ದ. ಆಮೇಲೆ ಅವನು ಒಣಗಿ ಕಡ್ಡಿಯಾಗಿ ಸತ್ತ. ಇಪ್ಪತ್ತೆರಡಕ್ಕೆ ನನಗೂ ಕರುಳಿನ ಉರಿಯೂತ ಶುರುವಾಯಿತು. ಭಾಲ್ಕಿ ಬಸ್ ನಿಲ್ದಾಣದ ಶೌಚಾಲಯಕ್ಕೆ ಅದೇ ಹೆಜ್ಜೆಯಲ್ಲಿ ಓಡಿದೆ. ನಟಿಸುವ ಶ್ರಮ ಉಳಿಯಿತು.

ಬೀದರಿನ ಆಸ್ಪತ್ರೆಯಲ್ಲಿ ನನ್ನನ್ನೊಂದು ಸಂಶೋಧನೆಗೆ ಸೇರಿಸಿಕೊಂಡರು. ಈ ಕಾಯಿಲೆ ಯಾಕೆ ಬರುತ್ತದೆ, ವರ್ಷಗಳು ಕಳೆದಂತೆ ಯಾವ ದಾರಿ ಹಿಡಿಯುತ್ತದೆ ಎಂದು ನೋಡುತ್ತಾರಂತೆ. ಆರು ತಿಂಗಳಿಗೊಮ್ಮೆ ರಕ್ತ, ಮಲ, ಮುಗಿಯದ ಪ್ರಶ್ನೆಗಳು. ನನ್ನ ಮಲಕ್ಕೆ ಅಷ್ಟು ಮರ್ಯಾದೆ ಬೇರೆಲ್ಲೂ ಸಿಕ್ಕಿಲ್ಲ.

ಮೊದಲ ಸಲ ಅವ್ವನೂ ಬಂದಿದ್ದಳು. ಪ್ರಶ್ನೆ ಕೇಳುತ್ತಿದ್ದ ಚಿಕ್ಕ ವಯಸ್ಸಿನ ಡಾಕ್ಟರ್, “ಮನ್ಯಾಗ ಮತ್ಯಾರಿಗರ ಹಿಂಗ ಇತ್ತೇನ್ರಿ ಅಮ್ಮಾ?” ಎಂದಳು.

“ಯಾರಿಗೂ ಇಲ್ರಿ. ನಮ್ಮ ಮಂದಿ ಎಲ್ಲಾ ಗಟ್ಟಿ.”

ತಂಗಿಗೆ ಔರಾದಿನ ಸಂಬಂಧ ಕುದುರುವ ಹಂತದಲ್ಲಿತ್ತು. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಮೊದಲು ವಿಚಾರಿಸುವುದು ಮನೆತನದ ಬೇನೆಯನ್ನು. ಅವರ ಮುಂದೆ ನನ್ನ ಕಾಯಿಲೆಯ ಹೆಸರು ‘ಗ್ಯಾಸ್’. ಆದರೆ ತಂಗಿಯೂ ಎರಡು ತಿಂಗಳಿಂದ ಹೊಟ್ಟೆ ಹಿಡಿದು ಕೂರುತ್ತಿದ್ದಳು. ರಕ್ತ ಹೋಗುತ್ತಿದೆ ಎಂದು ನನಗೊಬ್ಬನಿಗೇ ಹೇಳಿದ್ದಳು.

“ಅವ್ವಾ, ಮಾವಗ?” ಎಂದೆ.

“ಬಾಯಿ ಮುಚ್ಚು. ಕಾಗದದಾಗ ಬರದ್ರ ಔರಾದಿಗಿ ಮುಟ್ಟಲಾಕ ಎಷ್ಟೊತ್ತು?”

“ನಿಮ್ಮ ಹೆಸರು ಎಲ್ಲೂ ಹೋಗಂಗಿಲ್ರಿ,” ಎಂದಳು ಡಾಕ್ಟರ್. ಅವ್ವ ಸೆರಗು ಬಾಯಿಗಿಟ್ಟುಕೊಂಡು ಗೋಡೆ ನೋಡಿದಳು.

ವಾದ ಮಾಡಲು ನನಗೆ ಬರುವುದಿಲ್ಲ. ಬರುವುದು ಒಂದೇ. ಎದ್ದೆ. ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ತಂಬಿಗೆ ಮಾಡಿಕೊಂಡು, ಎಡಗಡೆ ಹೊಟ್ಟೆ ಒತ್ತಿ ಹಿಡಿದು, ಬಾಗಿಲವರೆಗೆ ಮಾವನಾಗಿ ಓಡಿದೆ. ಡಾಕ್ಟರ್ ನಗಲಿಲ್ಲ. ಪೆನ್ನು ಎತ್ತಿಕೊಂಡಳು.

“ಸುಳ್ಳ ಮಾಡಬ್ಯಾಡೋ!” ಅವ್ವ ಎದ್ದು ನಿಂತಳು. “ಎಡಕ್ಕಲ್ಲ. ನನ್ನ ತಮ್ಮ ಬಲಕ್ಕ ಹಿಡ್ಕೋತಿದ್ದ, ಕೆಳಗ. ನಡುದಾರ್ಯಾಗ ಕುಂತು ಅಳ್ತಿದ್ದ. ನೀ ಅದೊಂದು ಯಾವತ್ತೂ ಮಾಡ್ಲಿಲ್ಲ.”

ಮಾಡಿರಲಿಲ್ಲ. ಮಾಡಿದ್ದರೆ ಯಾರೂ ನಗುತ್ತಿರಲಿಲ್ಲ.

ಆಮೇಲೆ ಅವ್ವ ಎಲ್ಲ ಬರೆಸಿದಳು: ರಕ್ತ, ಜ್ವರ, ವರ್ಷವರ್ಷಕ್ಕೂ ಸಡಿಲವಾದ ಅಂಗಿ. “ಮತ್ಯಾರಿಗರ?” ಎಂದು ಡಾಕ್ಟರ್ ಕೇಳಿದಾಗ ತಂಗಿಯ ವಿಷಯ ನಾನೇ ಹೇಳಿದೆ. ಅವ್ವ ನನ್ನ ಕಡೆ ತಿರುಗಲಿಲ್ಲ.

“ನಾಳೆನೇ ಕರ್ಕೊಂಡು ಬರ್ರಿ,” ಎಂದಳು ಡಾಕ್ಟರ್.

ಭಾಲ್ಕಿಗೆ ಮರಳುವ ಬಸ್ಸಿನಲ್ಲಿ ಔರಾದಿನವರ ಫೋನ್ ಬಂತು. ಅವ್ವ ಬಹಳ ಹೊತ್ತು ಅದನ್ನು ನೋಡಿ, ಎತ್ತಿದಳು.

“ಹುಡುಗಿಗಿ ದವಾಖಾನ್ಯಾಗ ಹೊಟ್ಟಿ ತೋರ್ಸೋದು ಅದರಿ. ಆಮ್ಯಾಲ ಮಾತಾಡಮು.”

ಊರು ಬರುವವರೆಗೂ ಫೋನ್ ಅವಳ ಮಡಿಲಲ್ಲೇ ಇತ್ತು. ಮತ್ತೆ ರಿಂಗಾಗಲಿಲ್ಲ.